ಕಾಲೇಜಿನ ತಯಾರಿ ಆರನೇ ಕ್ಲಾಸಿನಿಂದಲೇ: ಯಾವ ವರ್ಷ ಯಾವ ಕೆಲಸ

"ಮೇಡಂ, ಮೊದಲೇ ಗೊತ್ತಿದ್ದಿದ್ರೆ ಮಾಡಿಸಿ ಇಟ್ಕೋತಿದ್ವಿ."

ತಾಲ್ಲೂಕಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ನಾನು ಪ್ರತಿ ಮೇ, ಜೂನ್‌ನಲ್ಲಿ ಈ ಮಾತು ಕೇಳುತ್ತೇನೆ. ಹೇಳುವವರೆಲ್ಲ ಚೆನ್ನಾಗಿ ಓದಿದ, ಒಳ್ಳೇ ಅಂಕ ತೆಗೆದ ಮಕ್ಕಳ ಅಪ್ಪ, ಅಮ್ಮ. ಅಂಕ ಇರುತ್ತದೆ, ಸರ್ಟಿಫಿಕೇಟ್ ಇರುವುದಿಲ್ಲ. ಆಸೆ ಇರುತ್ತದೆ, ಅದಕ್ಕೆ ಬೇಕಾದ ಸಬ್ಜೆಕ್ಟ್ ತೆಗೆದುಕೊಂಡಿರುವುದಿಲ್ಲ. ಆ ಹೊತ್ತಿಗೆ ನಾವು ಏನೇ ಮಾಡಿದರೂ ಕೆಲವನ್ನು ಸರಿಪಡಿಸಲು ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆರನೇ ಕ್ಲಾಸಿನ ಮಗುವಿಗೆ "ಡಾಕ್ಟರ್ ಆಗ್ತೀಯೋ, ಇಂಜಿನಿಯರೋ" ಅಂತ ಕೇಳಬೇಡಿ. ಹನ್ನೊಂದು ವರ್ಷಕ್ಕೆ ಅದು ಗೊತ್ತಾಗಬೇಕಾದ ವಿಷಯವೇ ಅಲ್ಲ. ಯಾವ ದಾರಿ ಯಾವ ವರ್ಷ ಮುಚ್ಚಿಹೋಗುತ್ತದೆ ಅನ್ನುವುದು ಮಾತ್ರ ಮನೆಯ ದೊಡ್ಡವರಿಗೆ ಗೊತ್ತಿರಬೇಕು. ದಾರಿಗಳು ತೆರೆದಿದ್ದರೆ ಮಗು ಹದಿನೇಳಕ್ಕೆ ಮನಸ್ಸು ಬದಲಿಸಿದರೂ ಏನೂ ನಷ್ಟವಿಲ್ಲ.

ಆರು, ಏಳನೇ ಕ್ಲಾಸು: ಒಂದು ಫೈಲ್ ಮಾಡಿ

ಸ್ಟೇಷನರಿ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ತನ್ನಿ. ಮೇಲೆ ಮಗುವಿನ ಹೆಸರು ಬರೆಯಿರಿ. ಜನನ ಪ್ರಮಾಣಪತ್ರ, ಆಧಾರ್, ಪ್ರತಿ ವರ್ಷದ ಅಂಕಪಟ್ಟಿ, ಶಾಲೆ ಬದಲಿಸಿದ್ದರೆ ಟಿಸಿಯ ಜೆರಾಕ್ಸ್, ಶಾಲೆಯವರು ಕೊಡುವ ಸ್ಯಾಟ್ಸ್ ನಂಬರ್ (ವಿದ್ಯಾರ್ಥಿಯ ಗುರುತಿನ ಸಂಖ್ಯೆ), ಎಲ್ಲವೂ ಅದರೊಳಗೆ ಇರಲಿ.

ಫೈಲಿನ ಮೊದಲ ಹಾಳೆಯಲ್ಲಿ ಒಂದು ಪಟ್ಟಿ ಮಾಡಿ. ಒಂದನೇ ಕ್ಲಾಸಿನಿಂದ ಇಲ್ಲಿಯವರೆಗೆ ಯಾವ ವರ್ಷ, ಯಾವ ಊರು, ಯಾವ ಶಾಲೆ, ಯಾವ ಮಾಧ್ಯಮ. ಇದೊಂದು ಹಾಳೆ ಮುಂದೆ ಎಷ್ಟು ಮುಖ್ಯ ಆಗುತ್ತದೆ ಅಂತ ಹೇಳುತ್ತೇನೆ ನೋಡಿ.

ಕರ್ನಾಟಕದ ಸಿಇಟಿ (ಇಂಜಿನಿಯರಿಂಗ್, ಕೃಷಿಯಂಥ ಕೋರ್ಸಿನ ಪ್ರವೇಶ ಪರೀಕ್ಷೆ) ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಒಂಬತ್ತು ವರ್ಷ ಸಾಲದು. ಒಮ್ಮೆ ಒಬ್ಬ ತಂದೆ ಮಗಳ ಅರ್ಜಿ ನಮೂನೆ ಹಿಡಿದು ಬಂದಿದ್ದರು. ಎಂಟನೇ ಕ್ಲಾಸ್ ಒಂದನ್ನು ಬಿಟ್ಟು ಉಳಿದೆಲ್ಲ ಊರಿನಲ್ಲೇ ಓದಿದ ಹುಡುಗಿ. ಆ ಒಂದು ವರ್ಷ ಊರಿಗೆ ಬಸ್ ಸರಿಯಾಗಿ ಇರಲಿಲ್ಲ ಅಂತ ಪಟ್ಟಣದ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ನಮೂನೆಯಲ್ಲಿ ಹತ್ತು ಸಾಲು ಇತ್ತು. ಅವರು ಎಂಟನೇ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಆ ಬೆರಳು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಹಾಗಂತ ಒಳ್ಳೆ ಹೈಸ್ಕೂಲು ಪಟ್ಟಣದಲ್ಲಿದ್ದರೆ ಸೇರಿಸಬೇಡಿ ಅಂತ ನಾನು ಹೇಳುವುದಿಲ್ಲ. ಏಳನೇ ಕ್ಲಾಸ್ ಮುಗಿದಾಗ ಶಾಲೆ ಬದಲಿಸುವ ಮೊದಲು ಲೆಕ್ಕ ಹಾಕಿ. ಏನು ಸಿಗುತ್ತದೆ, ಏನು ಬಿಟ್ಟುಹೋಗುತ್ತದೆ ಎರಡೂ ಗೊತ್ತಿದ್ದು ತೀರ್ಮಾನ ಮಾಡಿ.

ಇನ್ನೂ ಒಂದು ಲೆಕ್ಕ ಇದೆ. ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯು ಇಲ್ಲಿ ಪಾಸಾಗಿರಬೇಕು. ಕೆಲಸಕ್ಕಾಗಿ ಪುಣೆ, ಗೋವಾ, ಮುಂಬೈ ಅಂತ ಹೋಗಿಬರುವ ಮನೆಗಳು ಇದನ್ನು ಮೊದಲೇ ಎಣಿಸಿಕೊಳ್ಳಬೇಕು. ಕಾಸರಗೋಡು, ಅಕ್ಕಲಕೋಟೆ, ಜತ್ತ ಕಡೆಯ ಗಡಿನಾಡ ಕನ್ನಡಿಗರ ಮಕ್ಕಳಿಗೂ ಅವಕಾಶ ಇದೆ. ಅವರು ಸಿಇಟಿ ಜೊತೆ 50 ಅಂಕದ ಕನ್ನಡ ಪರೀಕ್ಷೆ ಬರೆಯಬೇಕು.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರಾದರೆ 371 ಜೆ (ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ ವಿಶೇಷ ಸೌಲಭ್ಯ) ಅರ್ಹತಾ ಪ್ರಮಾಣಪತ್ರ ಮಾಡಿಸಿ ಇಡಿ. ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಆ ಪತ್ರದ ಮೇಲೆ ನಿಂತಿದೆ. ಅದನ್ನು ಕೊಡುವುದು ಎಸಿ (ಉಪವಿಭಾಗಾಧಿಕಾರಿ) ಆಫೀಸು. ಸೀಟಿನ ಗಡಿಬಿಡಿಯಲ್ಲಿ ಅಲ್ಲಿ ಜನ ಜಾಸ್ತಿ, ರಜೆಯಲ್ಲದ ತಿಂಗಳಲ್ಲಿ ಹೋದರೆ ಕೆಲಸ ಸಲೀಸು.

ಹೆಸರು ಎಲ್ಲ ಕಡೆ ಒಂದೇ ಇರಲಿ

ಶಾಲೆಯ ದಾಖಲೆಯಲ್ಲಿ "ಮಂಜುನಾಥ ಬಿ". ಆಧಾರ್‌ನಲ್ಲಿ "ಮಂಜುನಾಥ ಬಸವರಾಜ". ಬ್ಯಾಂಕ್ ಪಾಸ್‌ಬುಕ್‌ನಲ್ಲಿ "ಬಿ ಮಂಜುನಾಥ್". ಮನೆಯವರಿಗೆ ಮೂರೂ ಒಂದೇ ಹುಡುಗ. ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಸ್ಕಾಲರ್‌ಶಿಪ್ ಅರ್ಜಿ ಅಲ್ಲಿಗೇ ನಿಂತುಬಿಡುತ್ತದೆ.

ಹೈಸ್ಕೂಲಿಗೆ ಸೇರಿಸುವಾಗಲೇ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ನೋಡಿ. ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರು ಕೂಡ. ಹತ್ತನೇ ಕ್ಲಾಸಿನಲ್ಲಿ ಪರೀಕ್ಷೆಗೆ ಮೊದಲು ಶಾಲೆಯಲ್ಲಿ ಹೆಸರಿನ ವಿವರ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಮಗು ತಾನೊಂದೇ ನೋಡಿ ಸಹಿ ಹಾಕಿ ಬರದಿರಲಿ, ಆ ವಿವರ ನೀವೂ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರೇ ಮುಂದೆ ಪಾಸ್‌ಪೋರ್ಟ್‌ವರೆಗೂ ನಡೆಯುತ್ತದೆ. ಆಮೇಲೆ ತಿದ್ದಿಸಲು ಸುತ್ತಾಟ ಬಹಳ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಆಗುತ್ತದೆ. ಅದರ ಮೇಲಿನ ಆರ್‌ಡಿ ನಂಬರನ್ನು ಫೈಲಿನ ಮೊದಲ ಹಾಳೆಯಲ್ಲಿ ಬರೆದಿಡಿ, ಸ್ಕಾಲರ್‌ಶಿಪ್‌ಗೂ ಸಿಇಟಿಗೂ ಅದನ್ನೇ ಕೇಳುತ್ತಾರೆ. 2ಎ, 2ಬಿ, 3ಎ, 3ಬಿ ವರ್ಗದವರ ಪತ್ರಕ್ಕೂ ಆದಾಯ ಪತ್ರಕ್ಕೂ 5 ವರ್ಷದ ಅವಧಿ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಸರಿಯಾಗಿ ಸಿಇಟಿ ಹೊತ್ತಿಗೆ ಮುಗಿಯಬಹುದು. ದಿನಾಂಕ ನೋಡಿಕೊಳ್ಳಿ.

ಎಂಟನೇ ಕ್ಲಾಸು: ಎನ್‌ಎಂಎಂಎಸ್ ಬರೆಸಿ

ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಇಷ್ಟು ಒಳ್ಳೆಯ ಅವಕಾಶ ಇನ್ನೊಂದಿಲ್ಲ ಅನ್ನುವುದು ನನ್ನ ಅನುಭವ. ಎನ್‌ಎಂಎಂಎಸ್ ಅಂದರೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್. ಅದಕ್ಕೆ ಎಂಟನೇ ಕ್ಲಾಸಿನಲ್ಲಿ ಒಂದು ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಏಳನೇ ಕ್ಲಾಸಿನಲ್ಲಿ ಶೇ. 55 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50.

ಪರೀಕ್ಷೆಯಲ್ಲಿ ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಒಂದು ಬೌದ್ಧಿಕ ಸಾಮರ್ಥ್ಯದ್ದು: ಸಂಖ್ಯೆಗಳ ಸರಣಿ, ಚಿತ್ರಗಳ ಹೋಲಿಕೆ, ದಿಕ್ಕು, ಸಂಕೇತ. ಇನ್ನೊಂದು ಏಳು, ಎಂಟನೇ ಕ್ಲಾಸಿನ ವಿಜ್ಞಾನ, ಗಣಿತ, ಸಮಾಜದ್ದು. ಹಳೇ ಪ್ರಶ್ನೆಪತ್ರಿಕೆ ತಂದು ಭಾನುವಾರ ಗಡಿಯಾರ ಇಟ್ಟುಕೊಂಡು ಬರೆಸಿ. ಐದಾರು ವಾರದಲ್ಲಿ ಮಗುವಿನ ಕೈ ಪಳಗುತ್ತದೆ. ದುಡ್ಡು ಬರಲಿ ಬಿಡಲಿ, ಮುಂದಿನ ಸಿಇಟಿಗೆ ಬೇಕಾದ ರೂಢಿ ಇಲ್ಲೇ ಸಿಗುತ್ತದೆ. ಅರ್ಜಿ ಹೋಗುವುದು ಶಾಲೆಯಿಂದ. ಮುಖ್ಯೋಪಾಧ್ಯಾಯರನ್ನು ಕೇಳಲು ಸಂಕೋಚ ಬೇಡ.

ಇದರ ಜೊತೆಗೇ ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಸಿ, ಆಧಾರ್ ಜೋಡಿಸಿ. ಬ್ಯಾಂಕಿನಲ್ಲಿ "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ" ಅಂತ ಇದೇ ಮಾತಿನಲ್ಲಿ ಕೇಳಿ. ಸರ್ಕಾರದ ದುಡ್ಡು ಆಧಾರ್ ಮೂಲಕ ಈ ಖಾತೆಗೇ ಬರುವಂತೆ ಮಾಡುವ ಜೋಡಣೆ ಅದು. ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ವೆಬ್‌ಸೈಟ್) ಅರ್ಜಿ ಮಂಜೂರಾದರೂ ದುಡ್ಡು ಬರದೆ ಒದ್ದಾಡುವ ಮಕ್ಕಳಲ್ಲಿ ಬಹಳ ಜನರದ್ದು ಇದೇ ತೊಂದರೆ.

ಎಂಟರಿಂದ ಹತ್ತು: ಎರಡು ಭಾಷೆಯ ನೋಟ್‌ಬುಕ್

ನನ್ನ ಮನಸ್ಸಿಗೆ ಹತ್ತಿರದ ವಿಷಯ ಇದು. ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ವಿಜ್ಞಾನದಲ್ಲಿ 90ರ ಮೇಲೆ ತೆಗೆದ ಮಕ್ಕಳು ಪ್ರಥಮ ಪಿಯುಗೆ ಬರುತ್ತಾರೆ. ಮೊದಲ ವಾರ ಮೂರನೇ ಬೆಂಚಿನಲ್ಲಿ ಕೂರುತ್ತಾರೆ. ಎರಡನೇ ವಾರ ಕೊನೆಯ ಬೆಂಚು. ನಾನು "ಬೇಸ್" ಅಂದಾಗ ಮುಖದಲ್ಲಿ ಏನೂ ಕಾಣುವುದಿಲ್ಲ. "ಪ್ರತ್ಯಾಮ್ಲ" ಅಂದ ಕೂಡಲೇ ಕಣ್ಣು ಅರಳುತ್ತದೆ. ಆ ಪಾಠ ಅವರಿಗೆ ಗೊತ್ತು. ಗೊತ್ತಿಲ್ಲದ್ದು ಆ ಹೊಸ ಹೆಸರು, ಅಷ್ಟೇ. ಆದರೆ ಒಂದು ಗಂಟೆಯ ಪಾಠದಲ್ಲಿ ಅಂಥ ಹೆಸರು ನಲವತ್ತು ಬಂದರೆ ಮಗು "ನನಗೆ ಸೈನ್ಸ್ ಆಗಲ್ಲ" ಅಂತ ತೀರ್ಮಾನ ಮಾಡಿಬಿಡುತ್ತದೆ. ಎಷ್ಟು ಒಳ್ಳೆಯ ಮಕ್ಕಳು ಹೀಗೆ ಬಿಟ್ಟು ಹೋಗಿದ್ದಾರೆ ಅಂದರೆ, ನೆನೆದರೆ ಸಂಕಟ ಆಗುತ್ತದೆ.

ಇದಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಪುಟದ ಮಧ್ಯೆ ಗೆರೆ ಎಳೆಸಿ. ಎಡಗಡೆ ಕನ್ನಡ, ಬಲಗಡೆ ಅದರ ಇಂಗ್ಲಿಷ್ ಹೆಸರು. ವೇಗೋತ್ಕರ್ಷ, ಆಕ್ಸಲರೇಷನ್. ಸಂವೇಗ, ಮೊಮೆಂಟಮ್. ಲವಣ, ಸಾಲ್ಟ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ಎರಡರ ಕೆಳಗೆ ಆ ಪದ ಇರುವ ಒಂದು ಇಂಗ್ಲಿಷ್ ವಾಕ್ಯವನ್ನು ಇಂಗ್ಲಿಷ್ ಮಾಧ್ಯಮದ ಪಠ್ಯಪುಸ್ತಕದಿಂದ ನೋಡಿ ಬರೆಯಬೇಕು. ಅದೇ ಪಾಠದ ಅದೇ ಪುಸ್ತಕ ಇಂಗ್ಲಿಷಿನಲ್ಲೂ ಇದೆ, ಸರ್ಕಾರಿ ಪಠ್ಯಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ.

ದಿನಕ್ಕೆ ಐದೇ ಪದ. ವರ್ಷದಲ್ಲಿ ಇನ್ನೂರು ದಿನ ಮಾಡಿದರೂ ಸಾವಿರ ಪದ ಆಯಿತು. ಹತ್ತು ಮುಗಿಯುವ ಹೊತ್ತಿಗೆ ವಿಜ್ಞಾನ, ಗಣಿತದ ಬಹುಪಾಲು ಪದ ಕೈಯಲ್ಲಿರುತ್ತದೆ. ಒಂದು ಕಿವಿಮಾತು: ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಕಣ್ಣಿಗೆ ಗೊತ್ತಿದ್ದು ಕಿವಿಗೆ ಗೊತ್ತಿಲ್ಲದ ಪದ ಕ್ಲಾಸಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇಲ್ಲದಿದ್ದರೆ ಫೋನಿನಲ್ಲಿ ಆ ಪದದ ಉಚ್ಚಾರಣೆ ಕೇಳಿಸಿ.

ಇಂಗ್ಲಿಷ್ ಕಷ್ಟ ಅಂತ ಕನ್ನಡ ಮಾಧ್ಯಮದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಮೇಲೆ ಹೇಳಿದ ಶೇ. 5ರ ಅರ್ಹತೆ ಹೋಗುತ್ತದೆ, ಅಲ್ವಾ? ನೋಟ್‌ಬುಕ್ ದಾರಿಯಲ್ಲಿ ಅದೂ ಉಳಿಯುತ್ತದೆ, ಭಾಷೆಯೂ ಬರುತ್ತದೆ. ನೀಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಮತ್ತು ಜೆಇಇ ಮೇನ್ (ಇಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಪರೀಕ್ಷೆ) ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ ಅನ್ನುವುದು ಗೊತ್ತಿರಲಿ.

ಒಂಬತ್ತು: ಕೆಲಸಗಳನ್ನು ಹತ್ತಿರದಿಂದ ನೋಡಲಿ

ಪುಸ್ತಕ ಓದಿ ವೃತ್ತಿ ಆರಿಸುವುದು ಕಷ್ಟ. ರಜೆಯಲ್ಲಿ ಅರ್ಧ ದಿನ ಪಶು ಆಸ್ಪತ್ರೆಯಲ್ಲಿ ಕೂರಲಿ. ಒಂದು ದಿನ ಪರಿಚಯದ ಲೆಕ್ಕಪರಿಶೋಧಕರ ಆಫೀಸು, ಇನ್ನೊಂದು ದಿನ ಕೃಷಿ ವಿಜ್ಞಾನ ಕೇಂದ್ರ. ಅಲ್ಲಿರುವವರನ್ನು ಮೂರು ಪ್ರಶ್ನೆ ಕೇಳಲಿ: ನೀವು ಪಿಯುನಲ್ಲಿ ಏನು ಓದಿದಿರಿ, ಯಾವ ಪರೀಕ್ಷೆ ಬರೆದಿರಿ, ಬೆಳಗಿನಿಂದ ಸಂಜೆವರೆಗೆ ಏನು ಮಾಡುತ್ತೀರಿ. ಉತ್ತರಗಳನ್ನು ಅದೇ ಫೈಲಿನಲ್ಲಿ ಇಡಿ.

ಹತ್ತು ಮುಗಿದ ಮೇಲೆ: ಯಾವ ಸಬ್ಜೆಕ್ಟ್?

2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಒಂದರಲ್ಲಿ ಎಡವಿದ ಮಗುವನ್ನು ಬೈಯದೆ ಮುಂದಿನದಕ್ಕೆ ಕೂರಿಸಿ.

ಸೈನ್ಸ್‌ನಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ), ಪಿಸಿಎಂಸಿ (ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್) ಎರಡು ಹೆಚ್ಚು ಪ್ರಚಲಿತ. ನೀಟ್, ಬಿಎಸ್ಸಿ ಕೃಷಿ, ಪಶುವೈದ್ಯಕೀಯಕ್ಕೆಲ್ಲ ಬಯಾಲಜಿ ಬೇಕು. ಇಂಜಿನಿಯರಿಂಗ್‌ಗೆ ಗಣಿತ ಬೇಕು. ಮಗುವಿಗೆ ಇನ್ನೂ ಗೊತ್ತಿಲ್ಲ, ಆದರೆ ಸೈನ್ಸ್ ಇಷ್ಟ ಅನ್ನುವುದಾದರೆ ಪಿಸಿಎಂಬಿ ಎರಡೂ ದಾರಿ ಉಳಿಸುತ್ತದೆ. ಓದುವ ಹೊರೆ ಜಾಸ್ತಿ, ಅದು ನಿಜ. ಕಂಪ್ಯೂಟರ್ ಇಂಜಿನಿಯರ್ ಆಗಲು ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ.

ಸೈನ್ಸ್ ಓದಿದವರು ಮುಂದೆ ಬಿಕಾಂ, ಬಿಎ, ಕಾನೂನು ಯಾವುದಕ್ಕೂ ಹೋಗಬಹುದು. ಕಾಮರ್ಸ್, ಆರ್ಟ್ಸ್ ಓದಿದವರು ವಾಪಸ್ ಇಂಜಿನಿಯರಿಂಗ್, ಮೆಡಿಕಲ್‌ಗೆ ಬರಲು ಆಗದು. ಇದನ್ನು ಹೇಳಿ ಎಲ್ಲರನ್ನೂ ಸೈನ್ಸ್‌ಗೆ ತಳ್ಳುವುದು ತಪ್ಪು. ಲೆಕ್ಕಪತ್ರದಲ್ಲಿ ಆಸೆ ಇರುವ ಹುಡುಗನನ್ನು ಫಿಸಿಕ್ಸ್ ಲ್ಯಾಬಿಗೆ ಕಟ್ಟಿಹಾಕಿದರೆ ಎರಡು ವರ್ಷ ಹಾಳು. ಸಿಎ, ಕಂಪನಿ ಸೆಕ್ರೆಟರಿ, ಕೆಎಎಸ್ ಕಡೆ ಮನಸ್ಸಿದ್ದರೆ ಕಾಮರ್ಸ್, ಆರ್ಟ್ಸ್ ನೇರ ದಾರಿ.

ಪಿಯು ಬೇಡ ಅನ್ನಿಸಿದರೆ ಪಾಲಿಟೆಕ್ನಿಕ್ ಇದೆ. ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಕೈಕೆಲಸದಲ್ಲಿ ಚುರುಕಿರುವ ಮಕ್ಕಳಿಗೆ ಸರ್ಕಾರಿ ತರಬೇತಿ ಸಂಸ್ಥೆ ಜಿಟಿಟಿಸಿಯ ಟೂಲ್ ಅಂಡ್ ಡೈ (ಕಾರ್ಖಾನೆಯ ಅಚ್ಚು, ಉಪಕರಣ ತಯಾರಿಸುವ) ಡಿಪ್ಲೊಮಾ ಚೆನ್ನಾಗಿದೆ. ಸಾಲ ಮಾಡಿ ಲಕ್ಷಗಟ್ಟಲೆ ಕೊಟ್ಟು ಇಂಟಿಗ್ರೇಟೆಡ್ ಕೋಚಿಂಗ್ ಕಾಲೇಜಿಗೆ ಸೇರಿಸುವುದಕ್ಕಿಂತ ಇವುಗಳನ್ನು ಒಮ್ಮೆ ಹೋಗಿ ನೋಡಿ ಬನ್ನಿ ಅಂತ ನನ್ನ ಕೋರಿಕೆ.

ದುಡ್ಡಿನ ಲೆಕ್ಕ

ಮಗಳಿಗೆ ಹತ್ತು ವರ್ಷ ತುಂಬುವ ಮೊದಲಾದರೆ ಪೋಸ್ಟ್ ಆಫೀಸಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ವರ್ಷಕ್ಕೆ 250 ರೂಪಾಯಿಯಿಂದಲೂ ಕಟ್ಟಬಹುದು. ಅವಳಿಗೆ 18 ಆದಾಗ ಅಥವಾ ಹತ್ತನೇ ಕ್ಲಾಸ್ ಪಾಸಾದಾಗ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಆ ವಯಸ್ಸು ದಾಟಿದ್ದರೆ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ. ಆರನೇ ಕ್ಲಾಸಿನಿಂದ ತಿಂಗಳಿಗೆ 500 ಇಟ್ಟರೆ ದ್ವಿತೀಯ ಪಿಯು ಮುಗಿಯುವ ಹೊತ್ತಿಗೆ ಅಸಲೇ 42,000. ಹಾಸ್ಟೆಲ್, ಪುಸ್ತಕ, ಮೊದಲ ವರ್ಷದ ಓಡಾಟಕ್ಕೆ ಅದು ದೊಡ್ಡ ಆಸರೆ.

ಹೊರಗಿನ ನೆರವೂ ಇದೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ 10 ಮತ್ತು 12 ಮುಗಿಸಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ಕೊಡುತ್ತದೆ. ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಇಲಾಖೆಯದ್ದು, ಅಲ್ಪಸಂಖ್ಯಾತರಿಗೆ ಅರಿವು ಸಾಲ. ಇಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ (ಕಡಿಮೆ ಆದಾಯದ ಮನೆಯವರಿಗೆ ಇಟ್ಟ ಹೆಚ್ಚುವರಿ) ಸೀಟು ಸಿಕ್ಕರೆ ಬೋಧನಾ ಶುಲ್ಕವೇ ಇಲ್ಲ. ಅದಕ್ಕೆ ಸಿಇಟಿ ಅರ್ಜಿಯಲ್ಲೇ ಆದಾಯದ ವಿವರ ಸರಿಯಾಗಿ ತುಂಬಿರಬೇಕು. ಬ್ಯಾಂಕಿನ ಶಿಕ್ಷಣ ಸಾಲ ಕೊನೆಗೆ ನೋಡಿ, ಆದರೆ ಹೆದರಬೇಡಿ. 4 ಲಕ್ಷದವರೆಗೆ ಆಸ್ತಿ ಅಡ ಇಡಬೇಕಾಗಿಲ್ಲ.

ಪಿಯುಸಿ ಎರಡು ವರ್ಷ

ಪ್ರಥಮ ಪಿಯು ಅಂಕ ಸಿಇಟಿ ರ್‍ಯಾಂಕಿಗೆ ಬರುವುದಿಲ್ಲ ಅಂತ ಮಕ್ಕಳು ಸಡಿಲ ಬಿಡುತ್ತಾರೆ. ಆದರೆ ಪ್ರಶ್ನೆಗಳು ಎರಡೂ ವರ್ಷದ ಪಾಠದಿಂದ ಬರುತ್ತವೆ. ನನ್ನ ಕೆಮಿಸ್ಟ್ರಿಯಲ್ಲಂತೂ ಪ್ರಥಮ ಪಿಯುವಿನ ಮೋಲ್ ಲೆಕ್ಕ ಬಾರದಿದ್ದರೆ ಮುಂದಿನ ವರ್ಷದ ದ್ರಾವಣಗಳ ಪಾಠದಲ್ಲಿ ಒಂದು ಲೆಕ್ಕವೂ ಮಾಡಲಾಗುವುದಿಲ್ಲ.

ಇಂಜಿನಿಯರಿಂಗ್ ರ್‍ಯಾಂಕಿಗೆ ದ್ವಿತೀಯ ಪಿಯುವಿನ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಬೋರ್ಡ್ ಪರೀಕ್ಷೆಯನ್ನು ಬಿಟ್ಟು ಬರೀ ಸಿಇಟಿ ಓದುವುದು ನಷ್ಟ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಹಾಗಲ್ಲ. ಸರಿಯಾದರೆ 4, ತಪ್ಪಾದರೆ 1 ಹೋಗುತ್ತದೆ.

ದ್ವಿತೀಯ ಪಿಯು ಕ್ಯಾಲೆಂಡರನ್ನು ಗೋಡೆಗೆ ಹಾಕಿ. ಜೆಇಇ ಮೇನ್ ಜನವರಿ ಮತ್ತು ಏಪ್ರಿಲ್‌ನಲ್ಲಿ ನಡೆಯುತ್ತದೆ, ಅರ್ಜಿ ದೀಪಾವಳಿ ಆಸುಪಾಸಿನಲ್ಲೇ ಶುರು. ಕಾನೂನು ಓದುವ ಆಸೆ ಇದ್ದರೆ ಕ್ಲ್ಯಾಟ್ ಡಿಸೆಂಬರ್‌ನಲ್ಲೇ ಆಗಿಹೋಗುತ್ತದೆ, ಪಿಯು ಪರೀಕ್ಷೆಗೂ ಮುಂಚೆ. ಸಿಇಟಿ ಏಪ್ರಿಲ್, ನೀಟ್ ಮೇ ತಿಂಗಳಲ್ಲಿ. ಬಿಎಸ್ಸಿ ಕೃಷಿಗೆ ರೈತರ ಮಕ್ಕಳ ಕೋಟಾ ಬೇಕಾದವರು ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಬೀಜ, ಗೊಬ್ಬರ, ಕಳೆ ಗುರುತಿಸುವಂಥ ಪ್ರಶ್ನೆಗಳು. ಹೊಲದಲ್ಲಿ ಬೆಳೆದ ಮಗುವಿಗೆ ಇದು ಸಲೀಸು, ಹೊಲಕ್ಕೆ ಹೋಗಿದ್ದರೆ. ಶಿಕ್ಷಕರಾಗುವ ಮನಸ್ಸಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷದ ಕೋರ್ಸ್ ನೋಡಿ.

ಆಪ್ಷನ್ ಎಂಟ್ರಿಯ ದಿನ

ರ್‍ಯಾಂಕ್ ಬಂದ ಮೇಲೆ ಕೆಇಎ (ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಕಾಲೇಜು, ಕೋರ್ಸ್‌ಗಳನ್ನು ಸಾಲಾಗಿ ಹಾಕಬೇಕು. ಸೈಬರ್ ಸೆಂಟರಿನ ಗಲಾಟೆಯಲ್ಲಿ ಕೂತು ಯೋಚಿಸಬೇಡಿ. ಮನೆಯಲ್ಲೇ ಹಾಳೆಯ ಮೇಲೆ ಬರೆದುಕೊಂಡು ಹೋಗಿ. ಹಿಂದಿನ ವರ್ಷ ಯಾವ ರ್‍ಯಾಂಕಿಗೆ ಎಲ್ಲಿ ಸೀಟು ಸಿಕ್ಕಿತ್ತು ಅನ್ನುವ ಪಟ್ಟಿ ಅದೇ ವೆಬ್‌ಸೈಟಿನಲ್ಲಿದೆ. "ನಮಗೆಲ್ಲಿ ಸಿಗುತ್ತೆ" ಅಂತ ಬಯಸಿದ ಕಾಲೇಜನ್ನು ಕೆಳಗೆ ಹಾಕಬೇಡಿ. ನಿಮಗೆ ಹೆಚ್ಚು ಬೇಕಾದದ್ದೇ ಮೇಲಿರಲಿ. ಸಿಗದಿದ್ದರೆ ಕಂಪ್ಯೂಟರ್ ತಾನಾಗಿ ಕೆಳಗಿನದಕ್ಕೆ ಬರುತ್ತದೆ. ಅಣಕು ಹಂಚಿಕೆ ಬಂದಾಗ ಸಾಲನ್ನು ತಿದ್ದಲು ಅವಕಾಶ ಇರುತ್ತದೆ.

ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 1 ಅಂದರೆ ಇದೇ ಸಾಕು, ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಅದು ಬೇಕು. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ಮೂರನೆಯದನ್ನು ಒತ್ತುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ, ಬಿಟ್ಟ ಸೀಟು ಮತ್ತೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಕೊನೆಯ ದಿನಾಂಕದ ಸಂಜೆಗೆ ಬಿಡಬೇಡಿ, ಆ ಹೊತ್ತಿಗೆ ಎಲ್ಲರೂ ಅಲ್ಲೇ ಇರುತ್ತಾರೆ.

ಸೀಟು ಖಾತ್ರಿಯಾದ ದಿನವೇ ಹಾಸ್ಟೆಲ್ ಅರ್ಜಿ ಹೇಗೆ, ಯಾವಾಗ ಅಂತ ವಿಚಾರಿಸಿ. ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ಬೇಗ ತುಂಬುತ್ತವೆ. ಅಲ್ಲಿಯೂ ಜಾತಿ, ಆದಾಯ, ಅಂಕಪಟ್ಟಿ, ಆಧಾರ್ ಜೋಡಿಸಿದ ಖಾತೆ ಇವನ್ನೇ ಕೇಳುತ್ತಾರೆ. ಆರನೇ ಕ್ಲಾಸಿನಲ್ಲಿ ಮಾಡಿದ ಆ ಫೈಲನ್ನು ಮಗುವಿನ ಕೈಗೇ ಕೊಟ್ಟು ಕಳಿಸಿ. ಮೂಲ ಪ್ರತಿಗಳ ಜೊತೆ ತಲಾ ನಾಲ್ಕು ಜೆರಾಕ್ಸ್, ಎಂಟು ಪಾಸ್‌ಪೋರ್ಟ್ ಸೈಜ್ ಫೋಟೋ ಇರಲಿ.